ಅಷ್ಟಮಿಯ ನೀರು

"ಇಲ್ಲಿ ಕೆಸರೇ ಇಲ್ವಲ್ಲ ಚೆನ್ನಯಣ್ಣ."

ರಮಿತಾ ಕೈಯಲ್ಲಿದ್ದ ಛಾಯಾಚಿತ್ರವನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಎದುರಿನ ನೀರನ್ನು ನೋಡಿದಳು. ಮತ್ತೆ ಚಿತ್ರವನ್ನು.

ಚಿತ್ರದ ತುಂಬ ಕೆಸರು. ಈಗಷ್ಟೇ ನೀರು ಬಿಟ್ಟುಹೋದ, ಬೆಳಗಿನ ಬಿಸಿಲಿಗೆ ಹೊಳೆಯುವ ಕೆಸರು. ಅದರ ನಡುವೆ ಒಂದು ಗಾಡ್ವಿಟ್ ಹಕ್ಕಿ, ತನ್ನ ಉದ್ದನೆಯ ನೇರ ಕೊಕ್ಕನ್ನು ಕಣ್ಣಿನವರೆಗೂ ಇಳಿಸಿ ಹುಳವೊಂದನ್ನು ಎಳೆಯುತ್ತಿತ್ತು. ಹುಳ ಅರ್ಧ ಮಣ್ಣಿನೊಳಗೆ, ಅರ್ಧ ಹೊರಗೆ. ಹಿಂದೆ ಮಸುಕಾಗಿ, ಎಡಕ್ಕೆ ವಾಲಿದ ಒಂದು ಮರದ ಕಂಬ.

ಚಿತ್ರದ ಕೆಳಗೆ ಸೃಜನ್ ಎಂಬ ಹೆಸರು, ಸಮುದ್ರದ ನೀರು ಏರಿಳಿಯುವ ಐರೋಳಿ ಖಾಡಿ ಎಂಬ ಸ್ಥಳ, ಕಳೆದ ತಿಂಗಳ ಒಂದು ಭಾನುವಾರದ ತಾರೀಖು. ಸಮಯ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ನವಿಮುಂಬಯಿಯ ಪಕ್ಷಿಪ್ರಿಯರ ಸಂಘವೊಂದು ನಡೆಸಿದ ಸ್ಪರ್ಧೆಯಲ್ಲಿ ಅದಕ್ಕೆ ಮೊನ್ನೆ ಮೊದಲ ಬಹುಮಾನ ಬಂದಿತ್ತು.

ಈಗಲೂ ಏಳು ಹನ್ನೆರಡೇ. ಎದುರಿಗೆ ಅದೇ ವಾಲಿದ ಕಂಬವೂ ಇತ್ತು. ಆದರೆ ಅದರ ತುದಿಯ ಒಂದು ಗೇಣು ಮಾತ್ರ ನೀರಿನ ಮೇಲೆ ಕಾಣುತ್ತಿತ್ತು.

"ಹೇಗೆ ಇರ್ತದೆ ಮಾರಾಯ್ತಿ? ಇವತ್ತು ಅಷ್ಟಮಿ. ಅಷ್ಟಮಿಗೆ ಬೆಳಿಗ್ಗೆ ನೀರು ಭರ್ತಿ. ನೀರು ಇಳಿಯುವಾಗ ಮಧ್ಯಾಹ್ನ ಆಗ್ತದೆ" ಎಂದ ಚೆನ್ನಯ.

"ಈ ಫೋಟೋದ ಭಾನುವಾರ?"

ಚೆನ್ನಯ ತಾರೀಖನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. ಬೆರಳು ಮಡಚಿದ. "ಅದು ಕೂಡ ಅಷ್ಟಮಿಯೇ. ಅದರ ಮುಂದಿನ ಭಾನುವಾರ ಅಮಾಸೆ. ಆ ಹುಡುಗ ಹೋದ ದಿನ."

ಅಂದರೆ ಆ ಸಮಯಕ್ಕೆ ಆ ಹಕ್ಕಿ ನಿಂತ ಜಾಗದಲ್ಲಿ ಆಳೆತ್ತರದ ನೀರು. ಸೃಜನ್ ಸುಳ್ಳು ಬರೆದಿದ್ದ.

ಇಪ್ಪತ್ತಮೂರು ದಿನಗಳ ಹಿಂದೆ, ಅಮಾವಾಸ್ಯೆಯ ಆ ಭಾನುವಾರ ಇದೇ ದಂಡೆಯಿಂದ ಹಕ್ಕಿಗಳ ಫೋಟೋ ತೆಗೆಯಲು ಇಳಿದ ಕಲಬುರಗಿಯ ಹುಡುಗ ರೇವಣಸಿದ್ದ ಮರಳಿರಲಿಲ್ಲ. ನಾಲ್ಕು ದಿನ ಬಿಟ್ಟು ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ನಡುವೆ ಒಂದು ದೇಹ ಸಿಕ್ಕಿತು, ಕಾಲು ಜಾರಿ ಮುಳುಗಿದ್ದಾನೆ ಎಂದು ಬರೆದು ಪೊಲೀಸರು ಕಡತ ಮುಚ್ಚಿದರು, ಮರುದಿನ ಮಣ್ಣು ಕೊಟ್ಟದ್ದೂ ಆಯಿತು. ಒಪ್ಪದೆ ಉಳಿದವಳು ಅವನ ಅಕ್ಕ ಭೀಮಮ್ಮ ಒಬ್ಬಳೇ. ಅವಳೇ ಡೊಂಬಿವಲಿಗೆ ಬಂದು ರಮಿತಾಳ ಬಾಗಿಲು ತಟ್ಟಿದ್ದಳು. ರೇವಣಸಿದ್ದನ ಕ್ಯಾಮೆರಾ ಇನ್ನೂ ಸಿಕ್ಕಿರಲಿಲ್ಲ. ಅವನ ಜೊತೆ ಇಲ್ಲಿಗೆ ಬರುತ್ತಿದ್ದ ಸೃಜನ್‌ಗೆ ಬಹುಮಾನ ಬಂದದ್ದು ತಿಳಿದು ರಮಿತಾ ಆ ಚಿತ್ರವನ್ನು ಹಿಡಿದು ಬಂದಿದ್ದಳು.

"ಚಾ ಪರ್ಪನಾ?" ಚಹಾ ಬೇಕೇ ಎಂದು ಚೆನ್ನಯ ತುಳುವಿನಲ್ಲಿ ಕೇಳಿದ.

ರಮಿತಾ ತಲೆಯಾಡಿಸಿದಳು. ಕಳೆದ ಮಳೆಗಾಲದಲ್ಲಿ ಅಮ್ಮ ಹೋದ ಮೇಲೆ ಅವಳೊಡನೆ ತುಳು ಮಾತಾಡುವವರು ಯಾರೂ ಉಳಿದಿರಲಿಲ್ಲ. ನಲವತ್ತಾರು ವರ್ಷ ವಯಸ್ಸು, ಅದರಲ್ಲಿ ಹದಿನೆಂಟು ವರ್ಷ ವಿಮಾ ಕಂಪನಿಯೊಂದಕ್ಕೆ ಸುಳ್ಳು ಕ್ಲೇಮುಗಳನ್ನು ಪತ್ತೆಹಚ್ಚಿದ ಕೆಲಸ, ಈಗ ಸ್ವಂತದ ಪತ್ತೇದಾರಿ. ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು, ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಐರೋಳಿಗೆ ಬರುವವರೆಗೂ ಅವಳು ಯಾರೊಡನೆಯೂ ಒಂದು ಮಾತಾಡಿರಲಿಲ್ಲ. ಅದು ಅಂಥ ಅಪರೂಪದ ಸಂಗತಿಯೂ ಆಗಿರಲಿಲ್ಲ.

ಚೆನ್ನಯ ಮೂವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತವನು. ಈಗ ಕೈಬಿಟ್ಟ ಈ ಉಪ್ಪಿನ ಗದ್ದೆಗಳ ಗೇಟಿಗೆ ವಾಚ್‌ಮನ್. ಅವನ ಕ್ಯಾಬಿನ್ನಿನ ಮುಂದೆ, ಹಳೆಯ ಉಪ್ಪಿನ ಮಡಿಗಳನ್ನು ಬೇರ್ಪಡಿಸುವ ಮಣ್ಣಿನ ಒಡ್ಡಿನ ಮೇಲೆ ಸಾವಿರಾರು ಹಕ್ಕಿಗಳು ಒತ್ತೊತ್ತಾಗಿ ನಿಂತಿದ್ದವು. ಎಲ್ಲವೂ ಗಾಳಿಗೆ ಮುಖ ಮಾಡಿ, ಒಂದು ಕಾಲು ಮಡಚಿ, ಕೊಕ್ಕನ್ನು ಬೆನ್ನಿನ ಗರಿಗಳೊಳಗೆ ತೂರಿಸಿ. ಒಂದೂ ತಿನ್ನುತ್ತಿರಲಿಲ್ಲ.

"ಕಾಯ್ತಾ ಉಂಟು ಅವು. ಊಟದ ಬಟ್ಟಲು ನೀರಿನಡಿ ಅಲ್ವಾ?" ಎಂದ ಚೆನ್ನಯ.

ಅವಳೂ ಕಾಯುವುದೆಂದು ತೀರ್ಮಾನಿಸಿದಳು.

ಒಂಬತ್ತೂವರೆಗೆ ಕಂಬ ಒಂದು ಮೊಳ ಬೆಳೆಯಿತು. ಹತ್ತೂವರೆಗೆ ದಂಡೆಯ ಬುಡದಲ್ಲಿ ಕಪ್ಪನೆಯ ಅಂಚೊಂದು ಕಾಣಿಸಿಕೊಂಡಿತು. ಯಾರೂ ಕರೆಯದೆ, ಯಾವ ಗಂಟೆಯೂ ಬಾರಿಸದೆ, ಒಡ್ಡಿನ ಮೇಲಿನ ಹಕ್ಕಿಗಳಲ್ಲಿ ಒಂದು ಕಾಲು ಕೆಳಗಿಟ್ಟಿತು. ಆಮೇಲೆ ಹತ್ತು. ಆಮೇಲೆ ಇಡೀ ಒಡ್ಡು ಎದ್ದು ಹಾರಿ, ಗಾಳಿಯಲ್ಲಿ ಒಮ್ಮೆ ಬಿಳಿ, ಒಮ್ಮೆ ಬೂದುಬಣ್ಣವಾಗಿ ತಿರುಗಿ ಕೆಸರಿನ ಮೇಲೆ ಇಳಿಯಿತು.

"ಸಿದ್ದು ಎಲ್ಲಿಂದ ಫೋಟೋ ತೆಗೀತಿದ್ದದ್ದು?" ರಮಿತಾ ಕೇಳಿದಳು. ರೇವಣಸಿದ್ದನನ್ನು ಇಲ್ಲಿ ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ.

"ಈ ಒಡ್ಡಿನ ಮೇಲೆ ಕೂತು ಎಲ್ಲರೂ ತೆಗೀತಾರೆ. ನಿಮ್ಮ ಸೃಜನ್ ಸಾಹೇಬ್ರು ಸಹ. ಮೂರು ಕಾಲಿನ ಸ್ಟ್ಯಾಂಡ್ ಇಟ್ಟು, ಟೊಪ್ಪಿ ಹಾಕಿ. ಅವರು ಕೆಸರಿಗೆ ಕಾಲಿಟ್ಟದ್ದು ನಾನು ನೋಡಿಲ್ಲ. ಸಿದ್ದು ಹಾಗಲ್ಲ. ಬನ್ನಿ, ತೋರಿಸ್ತೇನೆ."

ಕ್ಯಾಬಿನ್ನಿನ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಅರ್ಧ ಹೋಳು ಬಿದ್ದಿತ್ತು. ಉದ್ದಕ್ಕೆ ಸೀಳಿದ್ದು. ಒಳಗೆಲ್ಲ ಒಣಗಿ ಬಿರುಕುಬಿಟ್ಟ ಕೆಸರು.

"ರಬಾಳೆಯಲ್ಲಿ ಅವನ ಫ್ಯಾಕ್ಟರಿಯಲ್ಲಿ ಎಸೆದದ್ದು. ತಂದು ಸೀಳಿದ. ಎರಡು ಹೋಳು. ಒಂದರಲ್ಲಿ ಹೊಟ್ಟೆ ಮೇಲೆ ಮಲಗಿ, ಕಾಲಲ್ಲಿ ಕೆಸರು ನೂಕ್ತಾ ಹೋಗುದು, ದೋಣಿ ಹಾಗೆ. ಕ್ಯಾಮೆರಾ ಇದರ ಅಂಚಿನ ಮೇಲೆ. ಮುಳುಗುದಿಲ್ಲ, ಹಕ್ಕಿಗಳಿಗೂ ಹೆದರಿಕೆ ಇಲ್ಲ."

"ಇನ್ನೊಂದು ಹೋಳು?"

"ಅವತ್ತು ತಕೊಂಡು ಹೋದದ್ದು. ಅದು ವಾಪಸ್ ಬರಲಿಲ್ಲ."

ರಮಿತಾ ಚಪ್ಪಲಿ ಕಳಚಿದಳು. ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದಳು.

"ಎಂತ ಮಾಡ್ತೀರಿ ನೀವು? ಹೂತು ಹೋದ್ರೆ ಎಳೀಲಿಕ್ಕೆ ನಾನೊಬ್ಬನೇ ಇರುದು!"

"ಹಗ್ಗ ಉಂಟಲ್ಲ ನಿಮ್ಮ ಹತ್ರ? ಕಟ್ಟಿ."

ಹಗ್ಗದ ಒಂದು ತುದಿ ಡ್ರಮ್ಮಿನ ಹಿಂಬದಿಗೆ, ಇನ್ನೊಂದು ಚೆನ್ನಯನ ಕೈಗೆ. ಅವಳು ಹೋಳಿನಲ್ಲಿ ಬೋರಲಾಗಿ ಮಲಗಿ ಕಾಲ್ಬೆರಳುಗಳಿಂದ ನೂಕಿದಳು. ಮೊದಲು ಕದಲಲಿಲ್ಲ. ಇನ್ನೊಮ್ಮೆ ನೂಕಿದಾಗ ಬೆಣ್ಣೆಯ ಮೇಲೆ ಜಾರಿದಂತೆ ಮುಂದೆ ಹೋಯಿತು. ಕೆಸರಿನ ವಾಸನೆ ಮೂಗಿನ ಕೆಳಗೇ ಇತ್ತು. ಕೊಳೆತ ಎಲೆ, ಉಪ್ಪು, ಎಲ್ಲೋ ದೂರದ ಕಾರ್ಖಾನೆಯ ಸೋಪು.

ಇಪ್ಪತ್ತು ಮಾರು ಹೋಗಿ ಅಲ್ಲಾಡದೆ ಮಲಗಿದಳು.

ಮೊದಲು ಹಕ್ಕಿಗಳು ದೂರ ಸರಿದವು. ಆಮೇಲೆ ಅವಳನ್ನು ಮರೆತವು. ಅಂಗೈಯಷ್ಟು ಗಾತ್ರದ ಗೊರವ ಹಕ್ಕಿಗಳು ಅಕ್ಕಿ ಆರಿಸುವ ಬೆರಳುಗಳಂತೆ ಅವಸರವಸರವಾಗಿ ಕೆಸರು ಕುಟುಕುತ್ತ ಬಂದವು. ಮೆಟ್ಟುಗಾಲು ಹಕ್ಕಿಯೊಂದು ತನ್ನ ಗುಲಾಬಿ ಕಾಲುಗಳನ್ನು ಎತ್ತೆತ್ತಿ ಇಡುತ್ತ ಅವಳ ತೋಳಿನಳತೆಯಲ್ಲಿ ಹಾದುಹೋಯಿತು. ಆಮೇಲೆ ಒಂದು ಗಾಡ್ವಿಟ್ ಬಂತು. ಕೊಕ್ಕನ್ನು ಇಳಿಸಿತು, ಇನ್ನಷ್ಟು ಇಳಿಸಿತು, ತಲೆಯನ್ನು ಆಚೀಚೆ ತಿರುಗಿಸಿ ಕಾಣದ ಏನನ್ನೋ ಹುಡುಕಿತು. ಅದು ಹುಳವನ್ನು ಎಳೆದು ನುಂಗುವ ಸದ್ದೂ ಅವಳಿಗೆ ಕೇಳಿಸಿತು.

ಸಿದ್ದು ಇಲ್ಲಿಗೆ ಯಾಕೆ ಬರುತ್ತಿದ್ದ ಎಂಬುದು ರಮಿತಾಳಿಗೆ ಆಗ ತಿಳಿಯಿತು. ರಬಾಳೆಯ ಚಾಳಿನ ಒಂದು ಖೋಲಿಯಲ್ಲಿ ಆರು ಜನ ಪಾಳಿಯ ಮೇಲೆ ಮಲಗುತ್ತಿದ್ದರು. ಅಲ್ಲಿ ಅವನ ಹಾಸಿಗೆಯ ಜಾಗವನ್ನು ಅವಳು ನೋಡಿ ಬಂದಿದ್ದಳು. ಅಷ್ಟು ಜನರ ನಡುವೆ ಅವನಿಗೆ ಮಾತಿಗೆ ಸಿಕ್ಕವರು ಯಾರೂ ಇರಲಿಲ್ಲ. ಇಲ್ಲಿ ಮಾತೇ ಬೇಕಿರಲಿಲ್ಲ. ಇಷ್ಟು ಜೀವಗಳು ಅವನನ್ನು ತಮ್ಮ ಮಧ್ಯೆ ಇರಗೊಡುತ್ತಿದ್ದವು, ಅಷ್ಟೇ ಸಾಕಾಗಿತ್ತು.

ಅವಳು ಮೊಬೈಲನ್ನು ಡ್ರಮ್ಮಿನ ಅಂಚಿಗೆ ಒರಗಿಸಿ ಗಾಡ್ವಿಟ್‌ನ ಚಿತ್ರ ತೆಗೆದಳು. ತೆರೆಯ ಮೇಲೆ ನೋಡಿದಾಗ ಚಿತ್ರದ ಕೆಳತುದಿಯಲ್ಲಿ ಒಂದು ನೀಲಿ ಪಟ್ಟಿ ಬಂದಿತ್ತು. ಡ್ರಮ್ಮಿನ ಅಂಚು.

ಕುರ್ತಾದೊಳಗಿಂದ ಬಹುಮಾನದ ಚಿತ್ರ ತೆಗೆದು ಕೆಳತುದಿಯನ್ನು ದಿಟ್ಟಿಸಿದಳು. ಬೆಳಿಗ್ಗೆಯಿಂದ ಹತ್ತು ಸಲ ನೋಡಿದ್ದರೂ ನೀರಿನ ನೆರಳೆಂದು ಬಿಟ್ಟಿದ್ದ ಒಂದು ಹೊಗೆಯಂಥ ಕಲೆ. ಬಲಮೂಲೆಯಿಂದ ನಡುವಿನವರೆಗೆ ತೆಳ್ಳಗೆ ಹಬ್ಬಿತ್ತು.

ಅದೂ ನೀಲಿಯೇ.

"ಎಳೀರಿ ಚೆನ್ನಯಣ್ಣ" ಎಂದು ಅವಳು ಕೂಗಿದಳು. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು.

*

ಚೆನ್ನಯ ಕೊಟ್ಟ ಎರಡು ಕೊಡ ನೀರಲ್ಲಿ ಕೈಕಾಲು ತೊಳೆದು, ಒದ್ದೆ ಬಟ್ಟೆಯಲ್ಲೇ ಕೂತು ರಮಿತಾ ಭೀಮಮ್ಮನಿಗೆ ಫೋನ್ ಮಾಡಿದಳು. ಭೀಮಮ್ಮ ಅಂಬರನಾಥದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದಳು. ಊಟದ ಬಿಡುವಿನ ಗದ್ದಲದ ನಡುವೆ ಅವಳ ದನಿ ಕೇಳಿತು.

"ಹೇಳ್ರಿ ಅಕ್ಕೋರ. ಏನರ ಗೊತ್ತಾತೇನ್ರಿ?"

"ಒಂದು ಸಂಗತಿ ಕೇಳ್ಬೇಕು ಭೀಮಮ್ಮ. ಸಿದ್ದುವಿನ ಕ್ಯಾಮೆರಾ ಅವನಿಗೆ ಎಲ್ಲಿಂದ ಬಂದದ್ದು?"

"ಸೃಜನ ಸಾಹೇಬ್ರು ಕೊಟ್ಟಿದ್ರಿ. ಅವ್ರು ಹೊಸಾದು ತಗೊಂಡ ಮ್ಯಾಲ ಹಳೇದು ಇವಗ ಕೊಟ್ರು. ಬಟನ್ ಒತ್ತೂದು, ಗಿಟನ್ ಒತ್ತೂದು ಎಲ್ಲಾ ಅವ್ರೇ ಕಲಿಸಿದ್ರು. ಎರಡು ವರ್ಷ ಆತ್ರಿ, ಪ್ರತಿ ಐತಾರ ಇಬ್ಬರೂ ಅಲ್ಲೇ."

"ಬೇರೆ ಯಾರಿಗಾದರೂ ಸಿದ್ದು ಆ ಕ್ಯಾಮೆರಾ ಕೊಡ್ತಿದ್ದನಾ?"

"ಅಯ್ಯ, ನನಗಽ ಮುಟ್ಟಗೊಡ್ತಿದ್ದಿಲ್ರಿ." ಭೀಮಮ್ಮ ನಕ್ಕಳು. ನಗೆ ನಡುವೆಯೇ ನಿಂತಿತು. "ಅಕ್ಕೋರ, ಅಂವ ಹದಿನೇಳು ವರ್ಷದಾಂವ ಇದ್ದಾಗ ಊರಿಂದ ನಾನಽ ಕರಕೊಂಡು ಬಂದೀನ್ರಿ. ಒಬ್ಬಾಕಿಗೇ ಇಲ್ಲಿ ಬ್ಯಾಸರ ಆಗ್ತಿತ್ತು, ತಮ್ಮ ಇದ್ರ ಜೋಡಿ ಆಗ್ತಾನ ಅಂತ. ಆಮ್ಯಾಲ ಅಂವ ಅಲ್ಲಿ, ನಾ ಇಲ್ಲಿ. ತಿಂಗಳಿಗೊಮ್ಮಿ ಮಾರಿ ನೋಡ್ತಿದ್ವಿ."

ರಮಿತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಯಾರರ ಕೊಂದಾರ ಅಂದ್ರ ಹೇಳ್ರಿ, ತಡಕೊಂತೀನಿ. ಆದ್ರ ಜಾರಿ ಬಿದ್ದ ಅಂತ ಹೇಳಬ್ಯಾಡ್ರಿ. ಯಾವ ತಿಥಿಗೆ ನೀರು ಯಾವಾಗ ಬರ್ತದ, ಯಾವಾಗ ಹೋಗ್ತದ ಅಂತ ಅವಗ ಬಾಯಿಪಾಠ ಇತ್ತು. ಅಮಾಸಿ ನೀರಿಗೆ ಸಿಗೂ ಹುಡುಗ ಅಲ್ರಿ ನನ್ನ ತಮ್ಮ."

*

ಥಾಣೆಯ ಮಾಜಿವಾಡಾದಲ್ಲಿ, ಇಪ್ಪತ್ತಾರನೆಯ ಮಹಡಿಯ ಫ್ಲ್ಯಾಟಿನಲ್ಲಿ ಸೃಜನ್ ಬಾಗಿಲು ತೆರೆದಾಗ ಮೂರು ಗಂಟೆ. ಮನೆಯಿಂದಲೇ ಆಫೀಸಿನ ಕೆಲಸ. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಮೂವತ್ತೈದರ ಆಸುಪಾಸು, ತೆಳ್ಳಗಿನ ಆಳು, ಎರಡು ದಿನ ಕ್ಷೌರ ಮಾಡದ ಮುಖ. ಮೈಸೂರಿನವನು, ಹಣಕಾಸಿನ ಕಂಪನಿಯೊಂದರಲ್ಲಿ ಕೆಲಸ.

"ಬನ್ನಿ ಮೇಡಂ. ಕಾಫಿ ಮಾಡ್ಲಾ? ಹಾಲು ಇದ್ಯೋ ಇಲ್ವೋ ನೋಡ್ಬೇಕು."

"ಬೇಡ. ಒಬ್ಬರೇ ಇರುದಾ ನೀವು?"

"ಹೆಂಡತಿ ಅಪೇಕ್ಷಾ ಪುಣೆಗೆ ಟ್ರಾನ್ಸ್‌ಫರ್ ತಗೊಂಡ್ಲು. ಒಂದೂವರೆ ವರ್ಷ ಆಯ್ತು." ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ.

ಹೇಳುವುದೂ ಬೇಕಿರಲಿಲ್ಲ. ಆರು ಜನರ ಊಟದ ಮೇಜಿಗೆ ಒಂದೇ ಕುರ್ಚಿ ಉಳಿದಿತ್ತು. ಗೋಡೆಯ ತುಂಬ ಹಕ್ಕಿಗಳು: ರಾಜಹಂಸಗಳ ಸಾಲು, ಹಾರುವ ಗೊರವಗಳು. ಎಲ್ಲವೂ ಎತ್ತರದಿಂದ, ದೂರದಿಂದ ತೆಗೆದವು. ಚೆಂದವಾಗಿದ್ದವು. ಆದರೆ ಯಾವ ಹಕ್ಕಿಯ ಕಣ್ಣೂ ನೋಡುವವರ ಕಣ್ಣಿನ ಮಟ್ಟಕ್ಕೆ ಇರಲಿಲ್ಲ.

ರಮಿತಾ ಬಹುಮಾನದ ಚಿತ್ರವನ್ನು ಮೇಜಿನ ಮೇಲಿಟ್ಟಳು.

"ಇದನ್ನು ಹೇಗೆ ತೆಗೆದಿರಿ?"

"ಒಡ್ಡಿನ ಮೇಲೆ ಮಲಗಿಕೊಂಡು. ಲಾಂಗ್ ಲೆನ್ಸು."

"ಏಳು ಹನ್ನೆರಡಕ್ಕೆ?"

"ಹೌದು. ಲೈಟು ನೋಡಿ, ಎಷ್ಟು ಚೆನ್ನಾಗಿದೆ."

"ಇವತ್ತು ಏಳು ಹನ್ನೆರಡಕ್ಕೆ ನಾನು ಅಲ್ಲಿ ಇದ್ದೆ. ಇವತ್ತು ಅಷ್ಟಮಿ. ನೀವು ಬರೆದ ಭಾನುವಾರವೂ ಅಷ್ಟಮಿ. ಈ ಕಂಬದ ತುದಿ ಬಿಟ್ಟು ಬೇರೆ ಎಲ್ಲ ನೀರಿನಡಿ ಇತ್ತು."

ಸೃಜನ್ ಚಿತ್ರವನ್ನು ನೋಡುತ್ತಲೇ ಇದ್ದ. "ತಾರೀಖು ಹಾಕೋವಾಗ ತಪ್ಪಾಗಿರ್ಬೇಕು. ಸಾವಿರಾರು ಫೋಟೋ ಇರ್ತವೆ ಮೇಡಂ."

"ಇರಬಹುದು." ಅವಳು ಬಲಮೂಲೆಯ ಮೇಲೆ ಬೆರಳಿಟ್ಟಳು. "ಇದು ಏನು?"

"ನೀರಿನ ರಿಫ್ಲೆಕ್ಷನ್ನು."

ಅವಳು ತನ್ನ ಮೊಬೈಲಿನ ಚಿತ್ರವನ್ನು ಅದರ ಪಕ್ಕಕ್ಕಿಟ್ಟಳು. ಗಾಡ್ವಿಟ್, ಕೆಸರು, ಕೆಳಗೆ ನೀಲಿ ಪಟ್ಟಿ.

"ಇದು ಸಿದ್ದುವಿನ ಡ್ರಮ್ಮಿನ ಅಂಚು. ಇವತ್ತು ಅದರಲ್ಲಿ ನಾನೇ ಮಲಗಿ ತೆಗೆದದ್ದು. ನೀವು ಯಾವತ್ತಾದರೂ ಅದರಲ್ಲಿ ಮಲಗಿದ್ದೀರಾ?"

ಸೃಜನ್ ಮೊಬೈಲನ್ನು ಎತ್ತಿ ತನ್ನ ಚಿತ್ರದ ಪಕ್ಕ ಹಿಡಿದ. ಕೆಳಗೆ ಹೈವೇಯ ಹಾರ್ನುಗಳು ಇಪ್ಪತ್ತಾರು ಮಹಡಿ ಏರಿ ಬರುವಷ್ಟರಲ್ಲಿ ಗುಂಯ್‌ಗುಟ್ಟುವ ನೊಣಗಳಂತಾಗಿದ್ದವು.

"ನಂದಲ್ಲ" ಎಂದ ಸೃಜನ್. "ಸಿದ್ದುದು."

"ನಿಮ್ಮ ಹೆಸರು ಯಾಕೆ ಬಂತು ಅದರ ಮೇಲೆ?"

"ನಾಲ್ಕು ವರ್ಷದಿಂದ ಕಳಿಸ್ತಾ ಇದೀನಿ ಮೇಡಂ. ಒಂದ್ಸಲಾನೂ ಪ್ರೈಜ್ ಬರ್ಲಿಲ್ಲ. ಕ್ಯಾಮೆರಾ ನಂದು, ಕಲಿಸ್ದವನು ನಾನು. ಆರು ತಿಂಗಳಲ್ಲಿ ಅವನು ನನಗಿಂತ ಚೆನ್ನಾಗಿ ತೆಗೆಯೋಕೆ ಶುರು ಮಾಡ್ದ. ನನಗೆ ಹೊಟ್ಟೆ ಉರೀತಿತ್ತು. ಆದ್ರೂ ಇಡೀ ವಾರದಲ್ಲಿ ನನ್ನ ಜೊತೆ ಕೆಲಸ ಬಿಟ್ಟು ಬೇರೆ ಮಾತಾಡೋನು ಅವನೊಬ್ಬನೇ."

"ಈ ಮನೆಗೆ ಬಂದಿದ್ದನಾ?"

"ಇಲ್ಲ." ಅವನು ತಲೆ ತಗ್ಗಿಸಿದ. "ಕರೀಬೇಕು ಅಂತ ಅನ್ಕೋತಿದ್ದೆ."

ರಮಿತಾ ಅವನೆದುರು ನಿಂತೇ ಮಾತಾಡಿದಳು. ಕೂರಲು ಬೇರೆ ಕುರ್ಚಿ ಇರಲಿಲ್ಲ. "ಸೃಜನ್, ಸಿದ್ದುವಿನ ಕ್ಯಾಮೆರಾ ಇನ್ನೂ ಸಿಕ್ಕಿಲ್ಲ. ಅದರೊಳಗಿನ ಫೋಟೋ ನಿಮ್ಮ ಹೆಸರಲ್ಲಿ ಬಹುಮಾನ ತಗೊಂಡಿದೆ. ಪೊಲೀಸರು ಇದನ್ನು ಕೇಳಿದ್ರೆ ಎಂತ ಅಂದುಕೊಳ್ತಾರೆ, ಹೇಳಿ."

ಸೃಜನ್ ಕುರ್ಚಿಯನ್ನು ಹಿಂದಕ್ಕೆ ನೂಕಿದ.

"ನಾನು ಅವನನ್ನ ಏನೂ ಮಾಡಿಲ್ಲ! ಅವತ್ತು ನಾನು ಹೋಗೇ ಇಲ್ಲ, ಜ್ವರ ಇತ್ತು. ಕ್ಯಾಮೆರಾ ನನ್ನ ಹತ್ರ ಇಲ್ಲ. ಫೋಟೋ ಫೋನಿಗೆ ಬಂತು. ನೋಡಿ ಬೇಕಾದ್ರೆ." ಅವನು ಅವಸರದಿಂದ ಫೋನ್ ತೆರೆದು ಅವಳ ಕೈಗೆ ಕೊಟ್ಟ.

ಹೆಸರಿಲ್ಲದ ಹೊಸ ನಂಬರು. ಅದರಿಂದ ಬಂದದ್ದು ಕ್ಯಾಮೆರಾದ ಮೂಲ ಫೈಲು, ಜೊತೆಗೆ ಒಂದು ಸಾಲು.

"ಹೆಸರು ನಿಮ್ದೇ ಹಾಕ್ರಿ ಸರ. ನಂದು ಬ್ಯಾಡ."

ಬಂದ ದಿನ, ಮಣ್ಣು ಕೊಟ್ಟು ಹತ್ತು ದಿನಗಳ ನಂತರ.

"ಇದನ್ನು ಯಾರು ಕಳಿಸಿದ್ದು ಅಂತ ಅಂದುಕೊಂಡಿರಿ?"

"ಕ್ಯಾಮೆರಾ ಸಿಕ್ಕಿದ ಯಾರೋ. ಮೀನುಗಾರರಿಗೆ ಸಿಕ್ಕಿರ್ಬಹುದು. ಹಳೇ ಫೋಟೋ ಅದ್ರಲ್ಲಿತ್ತು, ಕಳಿಸಿದಾರೆ ಅನ್ಕೊಂಡೆ."

"ಮೀನುಗಾರರು ಕಲಬುರಗಿ ಕನ್ನಡದಲ್ಲಿ ಬರೀತಾರಾ?"

ಸೃಜನ್ ಕಣ್ಣು ತಪ್ಪಿಸಿ ಲ್ಯಾಪ್‌ಟಾಪಿನ ಕಡೆ ನೋಡಿದ.

"ಮೂಲ ಫೈಲು ಲ್ಯಾಪ್‌ಟಾಪಿನಲ್ಲಿ ಉಂಟಾ? ತೆಗೀರಿ. ಎಂದು ತೆಗೆದದ್ದು ಅಂತ ತೋರಿಸ್ತದಲ್ಲ, ಅದನ್ನು ತೆಗೀರಿ."

ಅವನ ಕೈ ಒಂದು ಕ್ಷಣ ಕೀಲಿಗಳ ಮೇಲೆ ತಡೆಯಿತು. ಆಮೇಲೆ ಒತ್ತಿತು. ತೆರೆಯ ಮೂಲೆಯಲ್ಲಿ ತಾರೀಖು ಮೂಡಿತು. ರಮಿತಾ ಅದನ್ನು ಎರಡು ಸಲ ಓದಿ ಮನಸ್ಸಿನಲ್ಲೇ ದಿನ ಎಣಿಸಿದಳು.

ಮಣ್ಣು ಕೊಟ್ಟು ಒಂಬತ್ತು ದಿನಗಳ ನಂತರದ ಬೆಳಿಗ್ಗೆ. ಏಳು ಗಂಟೆ ನಾಲ್ಕು ನಿಮಿಷ.

"ಕ್ಯಾಮೆರಾದ ಗಡಿಯಾರ ತಪ್ಪಿರ್ಬೇಕು" ಎಂದ ಸೃಜನ್. "ನೀರು ಹೊಕ್ಕಿದ್ರೆ ಹಾಗಾಗತ್ತೆ."

"ಅಮಾವಾಸ್ಯೆ ಕಳೆದು ಹದಿನಾಲ್ಕನೇ ದಿನ ಅದು. ಹುಣ್ಣಿಮೆ." ಅವಳ ದನಿ ತಾನಾಗಿ ತಗ್ಗಿತು. "ಹುಣ್ಣಿಮೆಗೆ ಬೆಳಿಗ್ಗೆ ಏಳಕ್ಕೆ ನೀರು ಪೂರಾ ಇಳಿದಿರ್ತದೆ. ಫೋಟೋದಲ್ಲಿ ಉಂಟಲ್ಲ, ಹಾಗೇ. ಗಡಿಯಾರ ತಪ್ಪಿದ್ರೆ ನೀರೂ ಅದರ ಜೊತೆ ತಪ್ಪುದಿಲ್ಲ ಸೃಜನ್. ಈ ತಾರೀಖು ಸರಿ ಉಂಟು."

ಹುಣ್ಣಿಮೆಯ ಬೆಳಿಗ್ಗೆ ಯಾರೋ ಒಬ್ಬ ಆ ನೀಲಿ ಹೋಳಿನಲ್ಲಿ ಮಲಗಿ, ಕಾಲಲ್ಲಿ ಕೆಸರು ನೂಕುತ್ತ, ಗಾಡ್ವಿಟ್ ತನ್ನನ್ನು ಮರೆಯುವವರೆಗೂ ಕಾದಿದ್ದ. ಅಂಥ ತಾಳ್ಮೆ ಇದ್ದವನು ಈ ಖಾಡಿಯಲ್ಲಿ ಒಬ್ಬನೇ.

"ದೇಹ ಗುರುತಿಸಿದವರು ಯಾರು?" ರಮಿತಾ ಕೇಳಿದಳು. "ಭೀಮಮ್ಮನಾ?"

"ಅವರಿಗೆ ಒಳಗೆ ಬರೋಕೆ ಆಗ್ಲಿಲ್ಲ. ಬಾಗಿಲಲ್ಲೇ ಕುಸಿದುಬಿಟ್ರು."

"ಹಾಗಾದರೆ?"

"ನಾನೇ ನೋಡ್ದೆ. ನಾಲ್ಕು ದಿನ ನೀರಲ್ಲಿತ್ತು. ಮುಖ ಅಂತ ಏನೂ ಉಳಿದಿರ್ಲಿಲ್ಲ. ಎತ್ತರ ಹೊಂದ್ತಿತ್ತು. ಪೊಲೀಸರು ಇವನೇನಾ ಅಂದ್ರು. ಹೌದು ಅಂದೆ."

ಅವನ ಫೋನ್ ಇನ್ನೂ ಅವಳ ಕೈಯಲ್ಲೇ ಇತ್ತು. ಅವಳು ಕಿಟಕಿಯ ಕಡೆ ತಿರುಗಿ ಆ ಹೊಸ ನಂಬರಿಗೆ ಟೈಪ್ ಮಾಡಿದಳು.

"ನಾನು ರಮಿತಾ. ಭೀಮಮ್ಮನ ಕಡೆಯವಳು. ನೀವು ಯಾರು?"

"ಏನ್ ಮಾಡ್ತಿದೀರಾ ಮೇಡಂ?" ಸೃಜನ್ ಎದ್ದ. "ಬೇಡ, ಕಳಿಸ್ಬೇಡಿ."

ಅವಳು ಕಳಿಸಿಯಾಗಿತ್ತು. ಸಂದೇಶದ ಕೆಳಗೆ ಎರಡು ಬೂದು ಟಿಕ್ ಗೆರೆ ಮೂಡಿದವು. ಕಿಟಕಿಯಾಚೆ, ಕಟ್ಟಡಗಳ ಸಂದಿನಲ್ಲಿ ಖಾಡಿ ಒಂದು ಮಾಸಿದ ದಾರದಂತೆ ಕಾಣುತ್ತಿತ್ತು. ಗೆರೆಗಳು ನೀಲಿಯಾದವು.

ಉತ್ತರ ಬಂತು.

"ಅಕ್ಕ ಆರಾಮ ಅದಾಳೇನ್ರಿ?"

ರಮಿತಾ ಅದನ್ನು ಇನ್ನೊಮ್ಮೆ ಓದಿದಳು. ಅಂಬರನಾಥದಲ್ಲಿ, ಯಂತ್ರಗಳ ಸದ್ದಿನ ನಡುವೆ ಪೆಟ್ಟಿಗೆ ಕಟ್ಟುತ್ತಿರುವ ಹೆಂಗಸು ಇದನ್ನು ಓದಬೇಕಿತ್ತು. ಈ ಮೂರು ಪದಗಳನ್ನು.

"ಆರಾಮ ಇಲ್ಲ. ನಿಮಗಾಗಿ ಅಳ್ತಿದ್ದಾಳೆ. ಎಲ್ಲಿದ್ದೀರಿ ಸಿದ್ದು?"

ಉತ್ತರದ ಬದಲು ಪ್ರಶ್ನೆ ಬಂತು.

"ಇದು ಸರ್ ಅವ್ರ ಫೋನ್. ನೀವು ಅವರ ಮನ್ಯಾಗ ಅದೀರೇನು?"

"ಹೌದು."

"ಒಬ್ಬರೇ?"

"ಹೌದು."

ಅವನು ಬರೆಯುತ್ತಿದ್ದಾನೆ ಎಂದು ತೆರೆ ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

ಆಗ ರಮಿತಾಳಿಗೆ ಒಂದು ವಿಷಯ ಹೊಳೆಯಿತು. ಎರಡು ವರ್ಷದ ಗೆಳೆಯ ಸತ್ತಿಲ್ಲ ಎಂದು ಈ ಮನುಷ್ಯನಿಗೆ ಈಗಷ್ಟೇ ಗೊತ್ತಾಗಿರಬೇಕು. ಆದರೂ ಅವನು "ಬದುಕಿದ್ದಾನಾ?" ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವಳು ತಿರುಗಿ ನೋಡಿದಳು. ಸೃಜನ್ ಮೇಜಿನ ಬಳಿ ಇರಲಿಲ್ಲ. ಹೊರಬಾಗಿಲಿಗೆ ಹೋಗುವ ಓಣಿಯಲ್ಲಿ ನಿಂತಿದ್ದ. ಇಷ್ಟು ಹೊತ್ತು ಅವನ ದನಿಯಲ್ಲಿದ್ದ ನಡುಕ ಈಗ ಇರಲಿಲ್ಲ.

"ಏನ್ ಬರೆದಿದಾನೆ?"

"ಅಕ್ಕನ ಬಗ್ಗೆ ಕೇಳಿದ್ದಾನೆ."

"ಫೋನ್ ಕೊಡಿ ಮೇಡಂ."

ಅವಳ ಅಂಗೈಯಲ್ಲಿ ಫೋನ್ ಅದುರಿತು. ಅವನಿಂದ ಕಣ್ಣು ತೆಗೆಯದೆ ಅದನ್ನು ಎದೆಯ ಮಟ್ಟಕ್ಕೆ ಎತ್ತಿ, ಒಂದೇ ನೋಟದಲ್ಲಿ ಓದಿದಳು.

"ಮೊದಲ ಆ ಮನಿಯಿಂದ ಹೊರಗ ಬರ್ರಿ. ಸತ್ತಾಂವ ಯಾರಂತ ಸರಗ ಗೊತ್ತದ. ಗೊತ್ತಿದ್ದೇ ಆ ಹೆಣಕ್ಕ ನನ್ನ ಹೆಸರು ಇಟ್ಟಾರ."